ವೇದ ಕೇಳಬಾರದವರ ಕೈಗೆ ಬಂದ ಸತ್ಯವೇದ

ಕಳ್ಳಕವಟಗಿಯಲ್ಲಿ ಹುಡುಗರ ಜೊತೆ ಕೂತು ಮಾತಾಡುತ್ತಿದ್ದಾಗ ಕಾಲೇಜು ಕಲಿಯುವ ಒಬ್ಬ ನಮ್ಮನ್ನು ಕೇಳಿದ: "ನಮ್ಮ ಅತ್ತಿ ಜತ್ತದಾಗ ಇರ್ತಾಳ್ರಿ ಸರ. ದಿನಾ ಮುಂಜಾನೆ ಎದ್ದು ಬೈಬಲ್ ಓದ್ತಾಳ. ಓದಿದ್ರ ಆತ್ಮ ಬೆಳೀತದ ಅಂತಾಳ. ಪುಸ್ತಕ ಓದಿ ಆತ್ಮ ಹೆಂಗ ಬೆಳೀತದ್ರಿ? ಬೆಳದದ್ದು ಗೊತ್ತಾಗೂದರ ಹೆಂಗ?"

ಥಟ್ಟನೆ ಉತ್ತರ ಕೊಡಲು ನಮಗೆ ಆಗಲಿಲ್ಲ. ನಾವು ಆ ಸಭೆಯವರಲ್ಲ, ಆ ಸಭೆಯನ್ನು ಹೀಯಾಳಿಸುವ ಗುಂಪಿನವರೂ ಅಲ್ಲ. ಆದರೆ ಇದು ಪಾದ್ರಿಗಳಿಗೆ ಬಿಟ್ಟು ಎದ್ದು ಹೋಗುವ ಪ್ರಶ್ನೆ ಅಂತಲೂ ನಮಗೆ ಅನ್ನಿಸಲಿಲ್ಲ. ಪುಸ್ತಕಕ್ಕೂ ಮನುಷ್ಯನ ಬೆಳವಣಿಗೆಗೂ ಏನು ಸಂಬಂಧ ಅನ್ನೋದನ್ನು ಈ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು, ಪುಸ್ತಕ ಮುಟ್ಟಬೇಡ ಅಂತ ಹೇಳಿಸಿಕೊಂಡವರು. ಅವರ ಕಡೆಯಿಂದ ಈ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಕಳ್ಳಕವಟಗಿ ಈಗ ತಿಕೋಟಾ ತಾಲೂಕಿನ ಊರು. ವಿಜಯಪುರದಿಂದ ಪಡುವಲಕ್ಕೆ ಹೊರಟರೆ ತಿಕೋಟಾ, ಅದರಾಚೆ ಈ ಸೀಮೆ, ಅದರಾಚೆ ಜತ್ತ. ಜತ್ತ 1948ರವರೆಗೆ ಒಂದು ಸಂಸ್ಥಾನ. ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ತಾಲೂಕು. ಗಡಿ ಇರೋದು ನಕಾಶೆಯಲ್ಲಿ ಮಾತ್ರ. ಬೀಗರು ಆಚೆ ಇದ್ದಾರೆ, ಈಚೆ ಇದ್ದಾರೆ. ಬರ ಎರಡೂ ಕಡೆ ಇದೆ. ಇಲ್ಲಿ ನಿಂತು ನೋಡಿದರೆ ಬೈಬಲ್ ಎರಡು ದಾರಿಯಿಂದ ಬಂದದ್ದು ಕಾಣುತ್ತದೆ. ಒಂದು ಬಳ್ಳಾರಿ, ಮಂಗಳೂರಿನಿಂದ ಬಂದ ಕನ್ನಡದ ದಾರಿ. ಇನ್ನೊಂದು ಪುಣೆಯ ಕಡೆಯಿಂದ ಬಂದ ಮರಾಠಿ ದಾರಿ.

ಮೊದಲು ಮರಾಠಿ ದಾರಿಯ ಒಂದು ಪ್ರಶ್ನೆ. 1855ನೇ ಇಸವಿ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ನಡೆಸುತ್ತಿದ್ದ ಶಾಲೆಯ ಹುಡುಗಿ ಮುಕ್ತಾ ಸಾಳ್ವೆ ಮಾಂಗ-ಮಹಾರರ ದುಃಖದ ಮೇಲೆ ಒಂದು ಪ್ರಬಂಧ ಬರೆದಳು. ವಯಸ್ಸು ಹದಿನಾಲ್ಕು. ಅಮೆರಿಕನ್ ಮಿಶನರಿಗಳ 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಮಾಂಗರು ಅಂದರೆ ನಮ್ಮ ಮಾದಿಗರ ಮರಾಠಿ ಬಂಧುಗಳು. ಹುಡುಗಿಯ ತರ್ಕ ಹೀಗಿತ್ತು: ವೇದ ತಮ್ಮದು ಅಂತ ಬ್ರಾಹ್ಮಣರು ಹೇಳುತ್ತಾರೆ, ನಮಗೆ ಅದನ್ನು ನೋಡುವ ಅಧಿಕಾರವೂ ಇಲ್ಲ, ಅಂದಮೇಲೆ ನಮಗೆ ಪುಸ್ತಕ ಇಲ್ಲ, ಪುಸ್ತಕವೇ ಇಲ್ಲದ ನಮಗೆ ಧರ್ಮ ಯಾವುದು? ಇದನ್ನು ಅವಳು ನೇರವಾಗಿ ದೇವರನ್ನೇ ಕೇಳಿದಳು. ಅವಳು ಕೇಳಿದ್ದು ಕಿರಿಸ್ತಾನಳಾಗಿ ಅಲ್ಲ, ಮಾಂಗ ಜಾತಿಯ ಹುಡುಗಿಯಾಗಿ. ನೂರಾ ಎಪ್ಪತ್ತು ವರ್ಷ ಆಯಿತು, ಈ ಪ್ರಶ್ನೆಯ ಮೊನೆ ಇನ್ನೂ ಮೊಂಡಾಗಿಲ್ಲ.

ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ, ಅರಗು ಹೊಯ್ಯಬೇಕು. ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು ಎಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಶೂದ್ರನ ಗತಿಯೇ ಇಷ್ಟಾದರೆ ಊರ ಹೊರಗಿನವರ ಮಾತು ಬೇರೆ ಹೇಳಬೇಕಿಲ್ಲ. ಇಂಥ ನಾಡಿನಲ್ಲಿ ಬೈಬಲ್ಲಿಗೆ ಕನ್ನಡದಲ್ಲಿ ಇಟ್ಟ ಹೆಸರು ಸತ್ಯವೇದ! ಹೆಸರಿಟ್ಟವರ ಲೆಕ್ಕಾಚಾರ ಏನೇ ಇರಲಿ, ವೇದ ಅನ್ನುವ ಶಬ್ದ ಹೊತ್ತ ಪುಸ್ತಕವನ್ನು ಹೊಲೆಯ ಮಾದಿಗರ ಮಗ ಕಂಕುಳಲ್ಲಿ ಇಟ್ಟುಕೊಂಡು ಹಾಡಹಗಲು ಅಗಸಿ ಬಾಗಿಲು ದಾಟಿ ನಡೆಯುವುದು ಸಾಧ್ಯವಾಯಿತು. ಒಳಗಿನ ಪುಟ ತೆರೆಯುವ ಮೊದಲೇ ಆದ ಬೆಳವಣಿಗೆ ಇದು. ಆತ್ಮ ಅನ್ನುವುದಕ್ಕೆ ಬೆನ್ನುಮೂಳೆ ಇದ್ದರೆ ಅದು ನೆಟ್ಟಗಾಗುವುದು ಇಂಥ ಕಡೆಯೇ.

ಈ ಪುಸ್ತಕ ಕನ್ನಡಕ್ಕೆ ಬಂದ ಕತೆ ಉದ್ದ, ಚುಟುಕಾಗಿ ಹೇಳುತ್ತೇವೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅವನು, ವಿಲಿಯಂ ರೀವ್ ಮತ್ತು ಜೊತೆಗಾರರು ಇಪ್ಪತ್ತು ವರ್ಷ ದುಡಿದ ಮೇಲೆ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಅಚ್ಚುಕೂಟಕ್ಕೆ 1812ರ ಮಾರ್ಚಿಯಲ್ಲಿ ಬೆಂಕಿ ಬಿದ್ದು ಕನ್ನಡ ಹೊಸ ಒಡಂಬಡಿಕೆಯ ಕೈಬರಹ ಸುಟ್ಟಿತ್ತು. ಮತ್ತೆ ಮೊದಲಿನಿಂದ ಬರೆದು 1823ರಲ್ಲಿ ಅದನ್ನು ಹೊರತಂದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ಆಗಿನ ನಮ್ಮ ಸೀಮೆಯ ಗುಳೇದಗುಡ್ಡಕ್ಕೆ. 1841ರಲ್ಲಿ ಮಂಗಳೂರಿನ ಅವರ ಅಚ್ಚುಕೂಟ ಶುರುವಾಯಿತು. ಗಾಟ್‌ಫ್ರೀಡ್ ವೈಗ್ಲೆ ಮುಂತಾದವರು ಹಳೇ ಅನುವಾದವನ್ನು ಕೂತು ತಿದ್ದಿದರು.

ಈ ದುಡಿಮೆಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಮಾತು ಹೇಳಲೇಬೇಕು. ಈ ಬಿಳಿಯರಿಗೆ ಕನ್ನಡ ಕಲಿಸಿದ, ಬರೆದದ್ದನ್ನು ತಿದ್ದಿದ ಮುನ್ಷಿಗಳು ಬಹುಮಟ್ಟಿಗೆ ಮೇಲ್ಜಾತಿಯವರು. ಹಾಗಾಗಿ ಬೆಸ್ತರ ನಡುವೆ, ಕುಷ್ಠರೋಗಿಗಳ ನಡುವೆ ತಿರುಗಿದ ಬಡಗಿಯ ಮಗನ ಕತೆ ಕನ್ನಡಕ್ಕೆ ಬರುವಾಗ ಯಾಜಕ, ಪ್ರಾಯಶ್ಚಿತ್ತ, ದೀಕ್ಷಾಸ್ನಾನ, ಪರಿಶುದ್ಧಾತ್ಮ ಅಂತ ಮಡಿ ಉಟ್ಟುಕೊಂಡು ಬಂತು. ಮಡಿಯಿಂದ ತಪ್ಪಿಸಿಕೊಂಡು ಓಡಿ ಬಂದವನಿಗೆ ಇಲ್ಲೂ ಮಡಿಯ ಭಾಷೆಯೇ ಸಿಕ್ಕಿತು. ಮೊದಲ ತಲೆಮಾರಿನವರು ಎಷ್ಟೋ ಜನ ಓದಲು ಕಲಿಯಲೇ ಇಲ್ಲ. ಅವರಿಗೆ ಸತ್ಯವೇದ ಕಿವಿಯಿಂದ ಬಂತು: ಉಪದೇಶಿ ಹೇಳಿದ ಕತೆಯಾಗಿ, ಭಜನೆಯ ಧಾಟಿಯ ಹಾಡಾಗಿ, ಬಾಯಿಪಾಠದ ಹತ್ತು ಆಜ್ಞೆಯಾಗಿ. ಅಡ್ಡಿಯಿಲ್ಲ, ಕಿವಿಯೂ ಒಂದು ಶಾಲೆ. ಆದರೆ ಕಿವಿಗೆ ಏನು ಬೀಳಬೇಕು ಅಂತ ಆರಿಸುವವನು ಬೇರೊಬ್ಬ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ವಿಜಾಪುರದಲ್ಲಿ ಇವತ್ತಿಗೂ ಓಡಾಡುವ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ. ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿ ಊರೂರು ತಿರುಗಿ ವಚನಗಳ ತಾಡೋಲೆ ಕೂಡಿಸಿ 'ವಚನಶಾಸ್ತ್ರಸಾರ' ಸಿದ್ಧ ಮಾಡಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟಕ್ಕೆ ಕಳಿಸಿದರಂತೆ. ಇದು ಅಚ್ಚಾದರೆ ನಮ್ಮ ಧರ್ಮಪ್ರಚಾರಕ್ಕೆ ಅಡ್ಡಿ ಅಂತ ಅವರು ತಿರುಗಿ ಕಳಿಸಿದರಂತೆ. ಕೊನೆಗೆ 1923ರಲ್ಲಿ ಅದು ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಹಳಕಟ್ಟಿಯವರು ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಪುಸ್ತಕ ಇಲ್ಲದವರಿಗೆ ಪುಸ್ತಕ ಕೊಟ್ಟ ಕೈ ಇನ್ನೊಂದು ಪುಸ್ತಕಕ್ಕೆ ಬಾಗಿಲು ಹಾಕಿತು ಅನ್ನುವುದು ನಿಜವಾದರೆ, ಅವರೂ ಹೆದರಿದ್ದು ಓದಿಗೇ.

ಈ ಪುಸ್ತಕದ ಹತ್ತಿರ ಬಂದವರು ಯಾರು? ಗುಳೇದಗುಡ್ಡ, ಬೆಟಗೇರಿಯಲ್ಲಿ ನೇಕಾರರು. ಕೊಡಗಿನಲ್ಲಿ ಗದ್ದೆಯ ಜೊತೆಗೇ ಕೈಬದಲಾಗುತ್ತಿದ್ದ ಹೊಲೆಯರು. ಅವರಿಗಾಗಿ ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ 1850ರ ದಶಕದಲ್ಲಿ ಆನಂದಪುರ ಎಂಬ ನೆಲೆಯನ್ನು ಕಟ್ಟಿದ. ಬೀದರಿನ ಕಡೆ ಮೆಥಡಿಸ್ಟ್ ಮಿಶನ್ನಿಗೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಮಾದಿಗರು ಕೇರಿ ಕೇರಿಯಾಗಿ ಬಂದರು. ವಿಜಾಪುರ ಸೀಮೆಯ ಕತೆಯಲ್ಲಿ 1876-78ರ ಬರ ಬಿಟ್ಟು ಮಾತಾಡಲು ಬರುವುದಿಲ್ಲ. ಆಗ ಕಲಾದಗಿ ಜಿಲ್ಲೆ ಅನ್ನಿಸಿಕೊಂಡಿದ್ದ ಈ ನೆಲದಲ್ಲಿ 1872ರಲ್ಲಿ ಎಂಟು ಲಕ್ಷದಷ್ಟಿದ್ದ ಜನ 1881ರ ಖಾನೇಸುಮಾರಿಗೆ ಆರೂಕಾಲು ಲಕ್ಷದ ಆಸುಪಾಸಿಗೆ ಇಳಿದಿದ್ದರು. ಸತ್ತವರಲ್ಲಿ ಮೊದಲ ಸಾಲು ಯಾರದಿರುತ್ತದೆ ಅಂತ ಕೇಳುವುದೇ ಬೇಡ.

"ಜ್ವಾಳದ ಸಲುವಾಗಿ ಜಾತಿ ಕೆಟ್ಟಾರ್ರಿ ಅವ್ರು" ಅಂತ ಇವತ್ತಿಗೂ ಕಟ್ಟೆಯ ಮೇಲೆ ಕೂತು ಹೇಳುವವರಿದ್ದಾರೆ. ಹೇಳುವವರ ಹಗೆಯ ಒಳಗೆ ಜೋಳ ಇತ್ತು, ಅದನ್ನು ಅವರು ಹೇಳುವುದಿಲ್ಲ. ಹಸಿದವನು ಅನ್ನ ಕೊಟ್ಟವನ ದೇವರ ಹೆಸರು ಕೇಳಿದರೆ ತಪ್ಪೇನು? ಹಸಿವು ಆತ್ಮದ ವಿಷಯ ಅಲ್ಲ ಅಂತ ತೀರ್ಮಾನ ಮಾಡಿದವರು ಉಂಡವರು. ಆದರೆ ಜೋಳ ತಿಂದು ಬರ ದಾಟಿದ ಮೇಲೆಯೂ, ಕೂಲಿ ಕಳೆದುಕೊಂಡರೂ, ಊರವರು ಬಹಿಷ್ಕಾರ ಹಾಕಿದರೂ ಕೆಲವರು ಆ ಪುಸ್ತಕ ಬಿಡಲಿಲ್ಲ. ಅದು ಜೋಳದಿಂದ ಆಗುವ ಕೆಲಸ ಅಲ್ಲ. ಪುಟಗಳಲ್ಲಿ ಅವರಿಗೆ ಏನೋ ಸಿಕ್ಕಿತ್ತು.

ಏನು ಸಿಗಬಹುದಿತ್ತು ಅಂತ ನಾವೂ ತೆರೆದು ನೋಡಿದ್ದೇವೆ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಒಂದು ಬಾವಿ ಇದೆ. ಹೊತ್ತು ನೆತ್ತಿಗೆ ಬಂದಿದೆ. ಯೇಸು ದಣಿದು ಬಾವಿಕಟ್ಟೆಯ ಮೇಲೆ ಕೂತಿದ್ದಾನೆ. ಸಮಾರ್ಯದ ಹೆಂಗಸೊಬ್ಬಳು ಕೊಡ ತಂದಿದ್ದಾಳೆ. ಸಮಾರ್ಯದವರ ಕೂಡ ಯೆಹೂದ್ಯರಿಗೆ ಬಳಕೆ ಇಲ್ಲ. ಅಂಥದರಲ್ಲಿ ಇವನು ಅವಳನ್ನು ನೀರು ಕೇಳುತ್ತಾನೆ. ನನ್ನ ಕೈ ನೀರು ನೀನು ಕುಡಿತೀಯಾ ಅಂತ ಅವಳಿಗೇ ದಿಗಿಲು. ಇದನ್ನು ಮಂಗಳೂರಿನ ಗುರುಗಳು ಎಷ್ಟು ಸಲ ಉಪದೇಶಿಸಿದ್ದಾರೋ ಗೊತ್ತಿಲ್ಲ, ಆದರೆ ಅವರಿಗೆ ಗೊತ್ತಿರದ ಒಂದು ಸಂಗತಿ ನಮ್ಮ ಕೇರಿಯ ಹೆಂಗಸಿಗೆ ಗೊತ್ತು. ಉರಿಬಿಸಿಲಿನಲ್ಲಿ ಆ ಹೆಂಗಸು ಯಾಕೆ ನೀರಿಗೆ ಬಂದಳು? ಮುಂಜಾನೆ ಬಾವಿ ಬೇರೆಯವರದು, ಅದಕ್ಕೆ. ಕೊಡ ಕೆಳಗಿಟ್ಟು, ಯಾರಾದರೂ ಮೇಲಿಂದ ಹೊಯ್ದಾರು ಅಂತ ಕಾದವಳಿಗೆ ಈ ಅಧ್ಯಾಯಕ್ಕೆ ಟೀಕೆ ಟಿಪ್ಪಣಿ ಬೇಡ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಬೊಗಸೆಯಲ್ಲಿ ಎತ್ತಿದಾಗ ಈ ಬಾವಿಯ ಕತೆಗೆ ನಮ್ಮ ದೇಶದ ಅಧ್ಯಾಯ ಸೇರಿತು ಅಂತ ನಾವು ತಿಳಿಯುತ್ತೇವೆ.

ಆಮೋಸ ಅಂತ ಒಬ್ಬ ಪ್ರವಾದಿ, ಕುರಿ ಕಾಯುವವನು. ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರಿದಿರಿ ಅಂತ ಸಾಹುಕಾರರ ಮುಖಕ್ಕೇ ಹೇಳುತ್ತಾನೆ. ಕೆರ ಹೊಲಿಯುವವನ ಮನೆಯಲ್ಲಿ ಈ ಸಾಲು ಓದಿದರೆ ಅದು ಬೇರೆಯೇ ಕೇಳಿಸುತ್ತದೆ. ವಿಮೋಚನಕಾಂಡದಲ್ಲಿ ಹುಲ್ಲು ಕೊಡದೆ ಇಟ್ಟಿಗೆ ಮಾತ್ರ ಲೆಕ್ಕಕ್ಕೆ ಸರಿಯಾಗಿ ಕೇಳುವ ಐಗುಪ್ತದ ಮೇಸ್ತ್ರಿಗಳು ಬರುತ್ತಾರೆ. ಬಿಟ್ಟಿ ಚಾಕರಿ ಮಾಡಿದವನಿಗೆ ಅವರ ಗುರುತು ಹತ್ತುತ್ತದೆ. ತನ್ನ ಬದುಕು ಒಂದು ಪವಿತ್ರ ಗ್ರಂಥದಲ್ಲಿ ಮೊದಲೇ ಬರೆದಿದೆ, ಅಲ್ಲಿ ದೇವರು ತನ್ನ ಕಡೆ ನಿಂತಿದ್ದಾನೆ ಅಂತ ಕಂಡ ಮನುಷ್ಯ ಮೊದಲಿನ ಹಾಗೆ ಬಗ್ಗಿ ನಡೆಯುವುದು ಕಷ್ಟ.

ಇನ್ನು ಮರಾಠಿ ದಾರಿಗೆ ಬರೋಣ. ಅದರ ಬೇರೂ ನಮ್ಮ ಕರ್ನಾಟಕದಲ್ಲೇ ಇದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾ ಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣ. ಹೆಂಡತಿಗೆ ಸಂಸ್ಕೃತ ಕಲಿಸಿ ಜಾತಿಯ ಸಿಟ್ಟಿಗೆ ಗುರಿಯಾಗಿ ಕಾಡು ಸೇರಿದ್ದ ಮನುಷ್ಯ. ನಾವು ಮೇಲೆ ಹೇಳಿದ ಬರಗಾಲವೇ ಈ ಪುರಾಣ ಹೇಳಿಕೊಂಡು ತಿರುಗುವ ಸಂಸಾರವನ್ನೂ ನುಂಗಿತು. ತಂದೆ ತಾಯಿ ಅನ್ನವಿಲ್ಲದೆ ಸತ್ತರು. 1878ರಲ್ಲಿ ಕಲಕತ್ತೆಯ ಪಂಡಿತರು ಅವಳ ಸಂಸ್ಕೃತಕ್ಕೆ ಬೆರಗಾಗಿ ಬಿರುದು ಕೊಟ್ಟರು. ಅದೇ ಕಲಕತ್ತೆಯಲ್ಲಿ ಧರ್ಮಶಾಸ್ತ್ರಗಳನ್ನು ಕೂತು ಓದಿದಾಗ ಅವಳಿಗೆ ಕಂಡದ್ದು ಇಷ್ಟು: ಈ ಗ್ರಂಥಗಳು ಎಲ್ಲ ವಿಷಯದಲ್ಲೂ ಜಗಳ ಆಡುತ್ತವೆ, ಹೆಂಗಸರನ್ನೂ ಶೂದ್ರರನ್ನೂ ಕೆಳಗಿಡುವ ಒಂದು ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಮ್ಮತ. ಮುಕ್ತಾ ಹೊರಗೆ ನಿಂತು ಕೇಳಿದ್ದನ್ನು ರಮಾಬಾಯಿ ಒಳಗಿನಿಂದ ಓದಿ ಖಾತ್ರಿ ಮಾಡಿದಳು.

1880ರಲ್ಲಿ ಅವಳು ಶೂದ್ರ ಅನ್ನಿಸಿಕೊಂಡ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ಮದುವೆಯಾದಳು. ಆ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತು. ಗಂಡ ಎರಡೇ ವರ್ಷಕ್ಕೆ ತೀರಿಕೊಂಡ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ಅಲ್ಲಿಗೆ ಕತೆ ಮುಗಿಯಿತು ಅಂತ ಅಲ್ಲಿಯ ಗುರುಗಳು ತಿಳಿದಿದ್ದರು. ಅವಳು ಬಿಡಲಿಲ್ಲ. ಭಾರತದ ಪುರೋಹಿತರ ನೊಗ ಈಗಷ್ಟೇ ಕೆಳಗಿಳಿಸಿದ್ದೇನೆ, ನಿಮ್ಮ ಪುರೋಹಿತರ ನೊಗಕ್ಕೆ ಮತ್ತೆ ಕೊರಳು ಕೊಡಲಾರೆ ಅನ್ನುವ ಅರ್ಥದ ಮಾತು ಅವಳ ಕಾಗದಗಳಲ್ಲಿದೆ. ತಾನೇ ಓದುವೆ, ತನಗೆ ಒಪ್ಪಿಗೆಯಾದದ್ದನ್ನು ಮಾತ್ರ ನಂಬುವೆ ಅಂದಳು. ಧರ್ಮ ಸಿಕ್ಕಿ ಎಂಟು ವರ್ಷದ ಮೇಲೆ, ಬೈಬಲ್ ಮತ್ತೆ ಮತ್ತೆ ಓದುತ್ತ, 1891ರಲ್ಲಿ ತನಗೆ ಕ್ರಿಸ್ತ ಸಿಕ್ಕ ಅಂತ ಆಮೇಲೆ ಬರೆದುಕೊಂಡಳು. ಕಳ್ಳಕವಟಗಿಯ ಹುಡುಗನ ಪ್ರಶ್ನೆಗೆ ನಮಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಾಕ್ಷಿ ಇದು. ಸ್ನಾನ ಒಂದು ದಿನದ್ದು, ಓದು ಬದುಕಿಡೀ ನಡೆಯುವಂಥದ್ದು.

ಬ್ರಾಹ್ಮಣ ಹೆಣ್ಣುಮಗಳ ಕತೆ ನಮ್ಮ ಪತ್ರಿಕೆಯಲ್ಲಿ ಯಾಕೆ ಅಂತ ಕೆಲ ಗೆಳೆಯರು ಕೇಳಬಹುದು. ಅವಳು ಕೊನೆಗೆ ಮಾಡಿದ ಕೆಲಸಕ್ಕಾಗಿ. ಪುಣೆ ಹತ್ತಿರದ ಕೇಡಗಾವಿನ ಮುಕ್ತಿ ಸದನದಲ್ಲಿ ಬರದಿಂದ ಎತ್ತಿ ತಂದ ಹೆಣ್ಣುಮಕ್ಕಳು, ಬಾಲವಿಧವೆಯರು ಇದ್ದರು. ಆಗಿದ್ದ ಮರಾಠಿ ಬೈಬಲ್ ಅವರ ತಲೆಗೆ ಹತ್ತುತ್ತಿರಲಿಲ್ಲ, ಅಷ್ಟು ಸಂಸ್ಕೃತ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹದಿನೈದು ವರ್ಷಕ್ಕೂ ಮೀರಿ ಕೂತು ಇಡೀ ಬೈಬಲ್ಲನ್ನು ಆಡುಮಾತಿನ ಮರಾಠಿಗೆ ತಂದಳು. ಬಿರುದು ತಂದುಕೊಟ್ಟ ಸಂಸ್ಕೃತವನ್ನು ತನ್ನ ಕೈಯಾರೆ ಅಳಿಸುತ್ತ ಹೋದಳು. ಅಕ್ಷರ ಜೋಡಿಸಿದವರು, ಅಚ್ಚು ಹೊಡೆದವರು ಅದೇ ಹೆಂಗಸರು. ಕಡೆಯ ಕರಡು ತಿದ್ದಿ 1922ರ ಏಪ್ರಿಲ್ 5ರಂದು ಅವಳು ತೀರಿಕೊಂಡಳು. ಪುಸ್ತಕ 1924ರಲ್ಲಿ ಹೊರಬಂತು. ಕಲಬುರ್ಗಿಯಲ್ಲಿಯೂ 1913ರ ಹೊತ್ತಿಗೆ ಅವಳ ಸಂಸ್ಥೆಯ ಶಾಲೆ ಶುರುವಾಗಿತ್ತು. ಕನ್ನಡಕ್ಕೆ ಇಂಥ ಒಂದು ಅನುವಾದ, ಕೇರಿಯ ಹೆಂಗಸೇ ಕೂತು ಮಾಡಿದ್ದು, ಯಾಕೆ ಆಗಲಿಲ್ಲ ಅಂತ ನಮಗೆ ಹೊಟ್ಟೆಕಿಚ್ಚಿದೆ.

ಆದರೆ ಈ ಪುಸ್ತಕಕ್ಕೆ ಇನ್ನೊಂದು ಮುಖವೂ ಉಂಟು. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು, ವೆಸ್ಟ್ ಇಂಡೀಸಿನ ಕರಿಯ ಗುಲಾಮರಿಗಾಗಿ. ಅದರಲ್ಲಿ ಗುಲಾಮರು ಐಗುಪ್ತದಿಂದ ಬಿಡಿಸಿಕೊಂಡು ಹೋದ ಕತೆಯೇ ಇಲ್ಲ. ಹಳೆಯ ಒಡಂಬಡಿಕೆಯ ಬಹುಪಾಲು ಕತ್ತರಿಸಿ ಬಿಸಾಕಿದ್ದರು. ಯಜಮಾನರಿಗೆ ವಿಧೇಯರಾಗಿರಿ ಅನ್ನುವ ಪತ್ರಿಕೆಗಳು ಮಾತ್ರ ಭದ್ರವಾಗಿ ಉಳಿದಿದ್ದವು. ನಮ್ಮಲ್ಲಿ ಯಾರೂ ಕತ್ತರಿ ಹಿಡಿಯಬೇಕಾಗಲಿಲ್ಲ. ಓದು ಬಾರದವನ ಮುಂದೆ ಯಾವ ಪುಟ ಓದಬೇಕು ಅಂತ ಆರಿಸಿದರೆ ಸಾಕು, ಅದೇ ಕತ್ತರಿ.

ಇದನ್ನು ಬಾಬಾಸಾಹೇಬರಷ್ಟು ಖಾರವಾಗಿ ಯಾರೂ ಹೇಳಿಲ್ಲ. ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಅವರು ಬರೆದಿಟ್ಟದ್ದು ಅವರ ಬರಹಗಳ ಐದನೇ ಸಂಪುಟದಲ್ಲಿದೆ. ಹಿಂದೂ ಆಗಿದ್ದಾಗ ಅಸ್ಪೃಶ್ಯನಿಗೆ ನಿನ್ನ ಕಷ್ಟಕ್ಕೆ ನಿನ್ನ ಪೂರ್ವಜನ್ಮದ ಕರ್ಮ ಕಾರಣ ಅಂದರು. ಕ್ರೈಸ್ತನಾದ ಮೇಲೆ ನಿನ್ನ ಮೂಲಪುರುಷನ ಪಾಪ ಕಾರಣ ಅಂದರು. ಎರಡರಲ್ಲೂ ಅವನಿಗೆ ಬಿಡುಗಡೆಯ ದಾರಿಯಿಲ್ಲ ಅನ್ನುವುದು ಅವರ ತಕರಾರು. ಜಾತಿ ಚರ್ಚಿನೊಳಗೂ ಹೋಗಿ ಕೂತದ್ದನ್ನು ಅವರು ಕಂಡಿದ್ದರು. ತಮಿಳುನಾಡಿನ ವಡಕ್ಕನ್‌ಕುಳಂ ಇಗರ್ಜಿಯಲ್ಲಿ ಜಾತಿಗಳ ನಡುವೆ ಗೋಡೆಯನ್ನೇ ಕಟ್ಟಿದ್ದರು. ಅದು ಬಿದ್ದದ್ದು 1910ರಲ್ಲಿ. ಕಲ್ಲಿನ ಗೋಡೆ ಬಿದ್ದರೂ ಮದುವೆ ಮಾತುಕತೆಯ ಗೋಡೆ ಎಲ್ಲ ಕಡೆ ಬಿದ್ದಿಲ್ಲ. ಪಾಪ ಅಂದರೆ ಬೀಡಿ, ಸೆರೆ, ಸಿನಿಮಾ ಅಂತ ಮಾತ್ರ ಕಲಿಸಿ, ಹೊಟೇಲಿನ ಬೇರೆ ಕಪ್ಪನ್ನು ಪಾಪದ ಪಟ್ಟಿಗೆ ಸೇರಿಸದೆ ಬಿಟ್ಟ ಉಪದೇಶದಿಂದ ಎಂಥ ಆತ್ಮ ಬೆಳೆಯುತ್ತದೆ? ಬೆಳೆದರೂ ಕುಂಡದಲ್ಲಿ ನೆಟ್ಟ ಆಲದ ಹಾಗೆ.

ಈ ತಕರಾರಿಗೆ ಒಳಗಿನಿಂದಲೇ ಒಂದು ಉತ್ತರ ಹುಟ್ಟಿತು, ಅದೂ ನಮ್ಮ ಬೆಂಗಳೂರಿನಲ್ಲಿ. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಎಂಬ ಅಧ್ಯಾಪಕರು ಶೂದ್ರರ ಕಡೆಯಿಂದ ಧರ್ಮಶಾಸ್ತ್ರ ಕಟ್ಟಬೇಕು ಅಂತ ಮಾತಾಡಿದರು. ದಲಿತ ದೈವಶಾಸ್ತ್ರ ಅಂತ ಮುಂದೆ ಕರೆದದ್ದು ಅಲ್ಲಿಂದ ಚಿಗುರಿತು. ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲ್ಯರು ತಮ್ಮ ಮೂಲಪುರುಷ ಅಲೆಮಾರಿಯಾಗಿದ್ದ ಅಂತ ನೆನೆಯುವ ಒಂದು ಜಾಗ ಇದೆ. ಅದನ್ನು ಹಿಡಿದು ನಿರ್ಮಲ್ ಕೇಳಿದ್ದು: ನಮ್ಮ ಮುತ್ತಜ್ಜನಿಗೆ ಅಲೆಯುವ ಸ್ವಾತಂತ್ರ್ಯವಾದರೂ ಎಲ್ಲಿತ್ತು? ಅವನನ್ನು ಊರ ಹೊರಗೆ ದೂಡಿ ಅಲ್ಲೇ ಕಟ್ಟಿಹಾಕಿದ್ದರಲ್ಲ. ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯ ಸಂಘಟನೆ ಮೈತುಂಬಿ ನಿಂತಿದ್ದ ಕಾಲವೇ ಅದು. ಹೊರಗೆ ಹಲಗೆ ಬಡಿಯುತ್ತಿದ್ದರೆ ಚರ್ಚಿನ ಗೋಡೆಗೂ ಕೇಳಿಸದೆ ಇರುತ್ತದೆಯೆ? ಆದರೆ ಕಾಲೇಜಿನ ಆ ಮಾತು ಹಳ್ಳಿಯ ಭಾನುವಾರದ ಪ್ರಾರ್ಥನೆಗೆ ಎಷ್ಟು ಇಳಿದಿದೆ ಅಂದರೆ, ಬಹಳ ಕಡಿಮೆ.

ಇಳಿಯದೆ ಇರಲು ಕಾನೂನೂ ಒಂದು ಕಾರಣ. ರಾಷ್ಟ್ರಪತಿಗಳ 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಹಿಂದೂ ಅಲ್ಲದವರಿಗೆ ಜಾಗವಿಲ್ಲ ಎಂದಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತರನ್ನು ಬಿಟ್ಟರು. 1985ರಲ್ಲಿ ಮದರಾಸಿನ ಒಬ್ಬ ಚಮ್ಮಾರ ಸುಪ್ರೀಂ ಕೋರ್ಟಿಗೆ ಹೋಗಿ ಸೋತುಬಂದ. ಕರ್ನಾಟಕದಲ್ಲಿ ಇವರಿಗೆ ಹಿಂದುಳಿದ ವರ್ಗದ ಪ್ರವರ್ಗ ಒಂದರಲ್ಲಿ ಜಾಗ ಇದೆ, ಪರಿಶಿಷ್ಟರ ಸಾಲಿನಲ್ಲಿ ಇಲ್ಲ. 2022ರಲ್ಲಿ ಕೇಂದ್ರ ಸರಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ಈ ವಿಷಯ ನೋಡಲು ನೇಮಿಸಿತು. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಮೀಕ್ಷೆ ಶುರುವಾದಾಗ ಕ್ರೈಸ್ತ ಅನ್ನುವ ಶಬ್ದದ ಜೊತೆ ಜಾತಿಯ ಹೆಸರು ಬರೆಯಬೇಕೋ ಬೇಡವೋ ಅಂತ ದೊಡ್ಡ ಗದ್ದಲವೇ ಆಯಿತು. ಇದರ ಫಲ ಮನೆಯೊಳಗೆ ಕಾಣುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು. ಮಗನ ಜಾತಿ ಸರ್ಟಿಫಿಕೇಟು ಕೈಗೆ ಬರುವ ತನಕ ಸತ್ಯವೇದ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ. ಓದಿ ಬೆನ್ನು ನೆಟ್ಟಗೆ ಮಾಡಿಕೊಂಡವರ ಮೊಮ್ಮಕ್ಕಳು ಅದೇ ಪುಸ್ತಕವನ್ನು ಬಚ್ಚಿಟ್ಟು ಓದಬೇಕಾಗಿದೆ.

ಗ್ರಾಮೀಣ ಶಿಕ್ಷಕರಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಕೇಳಿಕೆ ಇದೆ. ಕುಲಕರ್ಣಿ ದಫ್ತರದಲ್ಲಿ ನಮ್ಮವರ ಹೆಸರು ಸಿಕ್ಕರೆ ಚಾಕರಿಯ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಹಳೇ ಬೈಬಲ್ಲುಗಳ ಮೊದಲ ಖಾಲಿ ಹಾಳೆಯ ಮೇಲೆ ಹುಟ್ಟಿದ್ದು, ಸತ್ತದ್ದು, ಮದುವೆ, ಸ್ನಾನ ಬರೆದಿಡುವ ರೂಢಿ ಇತ್ತು. ಎಷ್ಟೋ ಮನೆತನಗಳಿಗೆ ತಮ್ಮ ಕೈಯಿಂದ ಬರೆದುಕೊಂಡ ಮೊದಲ ಚರಿತ್ರೆ ಅದು. ನಿಮ್ಮ ಊರಿನ ಯಾರ ಮನೆಯಲ್ಲಾದರೂ ಅಂಥದೊಂದು ಹಾಳೆ ಇದ್ದರೆ, ಅವರ ಒಪ್ಪಿಗೆ ಇದ್ದರೆ, ನಕಲು ಮಾಡಿ ನಮಗೆ ಕಳಿಸಿ. ಹೆಸರು ಅಚ್ಚಾಗಬಾರದು ಅಂದರೆ ಅಚ್ಚು ಮಾಡುವುದಿಲ್ಲ. ಮೊದಲು ಅಕ್ಷರ ಕಲಿತವರು ಯಾರು, ಯಾರಿಂದ ಕಲಿತರು, ಯಾವ ಅಧ್ಯಾಯ ಮನೆಯಲ್ಲಿ ಹೆಚ್ಚು ಓದುತ್ತಿದ್ದರು ಅಂತ ಹಿರಿಯರನ್ನು ಕೇಳಿ ಬರೆಯಿರಿ.

ಕಳ್ಳಕವಟಗಿಯ ಆ ಹುಡುಗ ಆಮೇಲೆ ಜತ್ತಕ್ಕೆ ಹೋಗಿ ಅತ್ತೆಯ ಪುಸ್ತಕ ನೋಡಿ ಬಂದ. ಪುಸ್ತಕ ಮರಾಠಿಯದು. ಮೊದಲ ಹಾಳೆಯ ಮೇಲಿನ ಬರಹ ಮಾತ್ರ ಕನ್ನಡ. "ಮೊದಲನೇ ಸಾಲು ಪೆನ್ಸಿಲ್ಲಿಂದರಿ ಸರ, ಅಕ್ಷರ ಭಾಳ ಸೊಟ್ಟ ಅದಾವ. ನಮ್ಮ ಅಜ್ಜಿ ಹೆಸರ ಐತಿ. ಅಕೀನ ಬರದಾಳಂತ."